ಅಪ್ಪನ ಕೈ ಮೇಲಿನ ದೂರು

ಸಿಟ್ಟು ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ಬೆಳಿಗ್ಗೆ ಬಂದ ಪತ್ರ ಅದನ್ನು ನೆತ್ತಿಗೇರಿಸಿತು. ಅವಳೂ ಇನ್ನೂ ನಾಲ್ವರೂ ಸೇರಿ ಮಾಡುವ, ಕಂಪ್ಯೂಟರಿನಲ್ಲಿ ಬರೆಯಲು ಬಳಸುವ ಪಠ್ಯ ಸಂಪಾದಕ ತಂತ್ರಾಂಶದ ಬಗ್ಗೆ ಯಾರೋ ಬರೆದಿದ್ದರು: ‘ಕಡತದ ಹೆಸರಿನ ಎರಡಕ್ಷರ ಹೊಡೆದು ಟ್ಯಾಬ್ ಒತ್ತಿದರೆ, ಮೊದಲೆಲ್ಲ ಯಾವುದು ಬೇಕೆಂದು ಪಟ್ಟಿ ತೋರಿಸುತ್ತಿತ್ತು. ಈಗ ಕೇಳದೆಯೇ ಮೊದಲನೆಯದನ್ನು ತೆರೆಯುತ್ತದೆ. ಗೊತ್ತಾಗದೆ ಅದರ ಮೇಲೆಯೇ ಬರೆದು ನನ್ನ ಬರಹವೆಲ್ಲ ಹಾಳಾಯಿತು.’

ಅವಳು ಪತ್ರವನ್ನು ಮತ್ತೊಮ್ಮೆ ಓದಿದಳು. ಮೂರು ವಾರದ ಹಿಂದೆ ಅಪ್ಪ ಹೇಳಿದ್ದೂ ಇದನ್ನೇ.

ಅಪ್ಪ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಕೈ ನಡುಗಲು ಶುರುವಾದ ಮೇಲೆ, ತಮಗೆ ಗೊತ್ತಿದ್ದುದನ್ನೆಲ್ಲ ಮಗಳ ಸಂಪಾದಕದಲ್ಲೇ ಪಾಠಗಳಾಗಿ ಬರೆದಿಡಲು ಕೂತಿದ್ದರು. ಪೂರ್ತಿ ಹೆಸರು ಹೊಡೆಯಲಾಗದು. ಎರಡಕ್ಷರ, ಒಂದು ಟ್ಯಾಬ್, ಅಷ್ಟೇ ಅವರ ಬಂಡವಾಳ. ಒಂದು ದಿನ ಸ್ಪ್ರಿಂಗಿನ ಪಾಠ ಹೋಗಿ ಚಕ್ರದ ಪಾಠದ ಮೇಲೆ ಕೂತಿತು.

“ಇದು ಕೇಳ್ತಾನೇ ಇಲ್ಲಮ್ಮ, ತಾನೇ ತೆಗೆದುಬಿಡುತ್ತೆ,” ಎಂದಿದ್ದರು.

“ಕೈ ನಡುಗಿ ಎರಡು ಸಲ ಒತ್ತಿರ್ತೀರಪ್ಪ. ಅದಕ್ಕೇನೂ ಆಗಿಲ್ಲ,” ಎಂದಿದ್ದಳು ಇವಳು, ತಿರುಗಿಯೂ ನೋಡದೆ.

ಅಪ್ಪ ಅಂದೇ ಕೀಲಿಮಣೆಯನ್ನು ಡಬ್ಬಕ್ಕೆ ಹಾಕಿ ಕಪಾಟಿನಲ್ಲಿಟ್ಟರು. ಆಮೇಲೆ ಒಂದಕ್ಷರವೂ ಬರೆದಿರಲಿಲ್ಲ.

“ಯಾವ ಪುಣ್ಯಾತ್ಮ ರೀ ಇದಕ್ಕೆ ಕೈ ಹಾಕಿದ್ದು? ಸಿಗಲಿ, ಕಿವಿ ಹಿಂಡಿಬಿಡ್ತೀನಿ!” ಎಂದು ಅವಳು ಕಚೇರಿಯಲ್ಲಿ ಕೂಗಿದಾಗ ಆ ನಾಲ್ವರಲ್ಲೊಬ್ಬ, ಪಕ್ಕದ ಮೇಜಿನ ಕನ್ನಡಕದವನು, ಕುರ್ಚಿಯನ್ನು ಮೆಲ್ಲಗೆ ಆಚೆ ಸರಿಸಿಕೊಂಡ. ಅವನ ಕೆಲಸವೆಂದರೆ ಅವಸರದ ಕೆಲಸ. ಅವಳ ಅನುಮಾನವೆಲ್ಲ ಅವನ ಮೇಲೆಯೇ.

ಸರಿಯಿದ್ದ ಆವೃತ್ತಿಗೂ ಕೆಟ್ಟದ್ದಕ್ಕೂ ನಡುವೆ ಇನ್ನೂರು ಬದಲಾವಣೆಗಳು. ನಟ್ಟನಡುವಿನದನ್ನು ಎತ್ತಿಕೊಂಡಳು. ಎರಡಕ್ಷರ, ಟ್ಯಾಬ್. ಕೆಟ್ಟಿದೆ. ಹಾಗಾದರೆ ತಪ್ಪು ಮೊದಲರ್ಧದಲ್ಲಿ. ಅದರಲ್ಲೂ ಅರ್ಧ. ಮತ್ತೆ ಅರ್ಧ. ಊಟ ಬಿಟ್ಟಳು, ಹಲ್ಲು ಕಡಿದಳು, ಕನ್ನಡಕದವನನ್ನು ಆಗಾಗ ದುರುಗುಟ್ಟಿ ನೋಡಿದಳು. ಎಂಟನೆಯ ಸುತ್ತಿಗೆ ಒಂದೇ ಒಂದು ಬದಲಾವಣೆ ಉಳಿಯಿತು. ಬೇಡದ್ದೆಂದು ಯಾರೋ ಪ್ರೋಗ್ರಾಮಿನ ಎರಡು ಸಾಲು ಕಿತ್ತುಹಾಕಿದ್ದರು. ಪಟ್ಟಿ ತೋರಿಸಿ ಕೇಳುತ್ತಿದ್ದುದೇ ಆ ಎರಡು ಸಾಲು. ಕೆಳಗೆ ಟಿಪ್ಪಣಿ: ‘ಸಣ್ಣ ಕೆಲಸ. ಪರೀಕ್ಷೆ ಬೇಕಿಲ್ಲ.’ ಅದರ ಕೆಳಗೆ ಅವಳದೇ ಹೆಸರು.

“ಸಿಕ್ಕಿದ್ರಾ? ಯಾರ ಕಿವಿ ಹಿಂಡೋಣ?” ಎಂದ ಕನ್ನಡಕದವನು.

“ಬಾಯ್ಮುಚ್ಕೊಂಡಿರು,” ಎಂದಳು. ಥೂ, ನನ್ನ ಜನ್ಮಕ್ಕಿಷ್ಟು, ಎಂದು ತನ್ನನ್ನೇ ಬೈದುಕೊಳ್ಳುತ್ತ ಆ ಸಾಲುಗಳನ್ನು ಮತ್ತೆ ಸೇರಿಸಿದಳು, ಅಂದು ಮಾಡದ ಪರೀಕ್ಷೆಯನ್ನು ಮಾಡಿದಳು, ಮನೆಗೆ ಓಡಿದಳು.

ಕಪಾಟಿನಿಂದ ಡಬ್ಬ ತೆಗೆದು ಅಪ್ಪನ ಮುಂದಿಟ್ಟು, “ಅಪ್ಪ, ನಿಮ್ಮ ಕೈಯದ್ದಲ್ಲ ತಪ್ಪು. ನಂದು,” ಎಂದಳು.

ಅಪ್ಪ ಎಂದೂ ಗದರಿದವರಲ್ಲ. ಈಗ ಅವರ ದನಿಯೇ ಬೇರೆಯಾಗಿತ್ತು.

“ಮೂರು ವಾರ ಕಣೇ! ನೀನು ಒಂದು ಸಲ ಅಂದು ಸುಮ್ಮನಾದೆ. ನಾನು ದಿನಾ ಬೆಳಗಾದ್ರೆ ಈ ಕೈನ ಬೈದಿದೀನಿ.” ನಡುಗುವ ಕೈಯನ್ನು ಅವಳ ಮುಂದೆ ಚಾಚಿದರು. “ನನಗ್ಯಾಕೆ ಹೇಳ್ತೀಯಾ? ಇದಕ್ಕೆ ಹೇಳು.”