ಕೊನೆಯ ಹಾಸಿನ ಬಣ್ಣ

ಟಿಣ್ — ನೂರಾ ನಲವತ್ತೊಂದು, ಪರದೆಯಲ್ಲಿ ಹಸಿರು, ಯಾರೋ ದಪ್ಪ ಮೀಸೆಯವರು ಕೊರಳಿಗೆ ಪಾಸು ಹಾಕಿಕೊಂಡು ಮದುಮಗನ ಗತ್ತಿನಲ್ಲಿ ಒಳಗೆ ಹೋದರು, ಹೋಗಲಿ, ಇವತ್ತು ಮೊಳಕಾಲ್ಮೂರಿನಲ್ಲಿ ಎಲ್ಲರೂ ಮದುಮಕ್ಕಳೇ, ಬೆಳಿಗ್ಗೆ ಎಂಟರಿಂದ ಒಂದು ತಪ್ಪಿಲ್ಲ, ಒಂದು ಜಗಳವಿಲ್ಲ, ರಶ್ಮಿತಾಗೆ ಎದ್ದು ಕುಣಿಯಬೇಕೆನಿಸಿತು, ಆದರೆ ಕಂಪನಿಯ ನೀಲಿ ಟೀ ಶರ್ಟು ಹಾಕಿಕೊಂಡು ಗೇಟಿನ ಮೇಜಿನ ಹಿಂದೆ ಕುಣಿದರೆ ಯಜಮಾನ ಮುರುಗೇಂದ್ರಪ್ಪನವರು ಏನಂದುಕೊಂಡಾರು, ಆಮೇಲೆ ಕುಣಿಯೋಣ, ಅವ್ವ ಬಂದ ಮೇಲೆ, ಅವ್ವನ ಹೆಸರಿಗೂ ಹಸಿರು ಬಿದ್ದ ಮೇಲೆ — ಬೀಳುತ್ತದಾ? ಬೀಳಬೇಕು, ಹೋದ ವರ್ಷ ಇದೇ ಸಮುದಾಯ ಭವನ, ಇದೇ ರೇಷ್ಮೆ ಸೀರೆ ಸಮ್ಮೇಳನ, ಇದೇ ಗೇಟು, ನೇಕಾರರ ಕಾರ್ಡ್ ತೋರ್ಸಮ್ಮ ಅಂದಿದ್ದ ಗೇಟಿನವನು, ಅವ್ವನ ಹತ್ತಿರ ಎಲ್ಲಿಯ ಕಾರ್ಡು, ಕಾರ್ಡು ಇರುವುದು ಮಗ್ಗ ಇದ್ದವರಿಗೆ, ಅವ್ವನಿಗಿರುವುದು ಎರಡು ಬೆರಳು, ಮಗ್ಗದ ಮೇಲಿನ ಹಳೆಯ ಹಾಸು, ಆ ಉದ್ದೆಳೆಗಳ ಸುತ್ತು, ಮುಗಿಯುವ ಹೊತ್ತಿಗೆ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಕೂಡಿಸಬೇಕು, ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಹೊಸೆದು, ಬಿಟ್ಟು, ಮತ್ತೊಂದು ಹೊಸೆದು, ಸಾವಿರಾರು ಎಳೆ, ಒಂದು ಬಿಟ್ಟುಹೋದರೂ ಸೀರೆಯುದ್ದಕ್ಕೂ ಗೆರೆ, ಹಾಗೆ ಗೆರೆಯಿಲ್ಲದೆ ಬಂದ ಸೀರೆಗೆ ಒಳಗೆ ಬಹುಮಾನ, ಚಪ್ಪಾಳೆ, ಎಳೆ ಕೂಡಿಸಿದ ಅವ್ವ, ಸೂರಮ್ಮ, ಹೊರಗೆ ಬೈಕುಗಳ ಸಾಲಿನ ಪಕ್ಕ ಕೂತು ಮೊಸರನ್ನ ತಿಂದಳು, ಬೇಜಾರಾಯ್ತೇನವ್ವ ಅಂದರೆ, ಇಲ್ಲ ಕಣೇ, ನೆಳ್ಳು ಚೆನ್ನಾಗಿತ್ತು ಅಂದಳು, ಆ ಮಾತಿಗೇ ರಶ್ಮಿತಾಗೆ ಹೊಟ್ಟೆ ಉರಿದುಹೋಗಿತ್ತು, ಬೈದಿದ್ದರೂ ವಾಸಿಯಿತ್ತು.

ಆ ಉರಿ ಹಾಗೇ ಹೊತ್ತುಕೊಂಡು ಚಳ್ಳಕೆರೆಗೆ ಬಸ್ಸಿನಲ್ಲಿ ಹೋಗುವುದು, ಎಣ್ಣೆ ಮಿಲ್ಲಿನ ಮೇಲಿನ ಎರಡು ರೂಮಿನ ಆಫೀಸು, ಕಡಲೆ ಹಿಂಡಿಯ ವಾಸನೆ ಕೀಬೋರ್ಡಿಗೂ ಮೆತ್ತಿಕೊಂಡಿದೆ, ಮುರುಗೇಂದ್ರಪ್ಪನವರ ಅಪ್ಪನ ಕಾಲಕ್ಕೆ ಶಾಮಿಯಾನ, ಕುರ್ಚಿ ಬಾಡಿಗೆ, ಇವರ ಕಾಲಕ್ಕೆ ಕಾರ್ಯಕ್ರಮ ನಡೆಸುವ ಸಾಫ್ಟ್‌ವೇರು, ಈ ವರ್ಷ ಸಮ್ಮೇಳನದ ಪಾಸಿನ ಕೆಲಸ ನಮಗೇ ಬಂದೈತಮ್ಮ, ಯಾರನ್ನ ಎಲ್ಲಿಗೆ ಬಿಡಬೇಕು ಅನ್ನೋದು ನೀನೇ ಮಾಡು ಅಂದಾಗ ಅವಳು ಮೊದಲು ತೆಗೆದು ನೋಡಿದ್ದೇ ಆ ಪಟ್ಟಿ — ನೇಕಾರ, ವ್ಯಾಪಾರಿ, ತೀರ್ಪುಗಾರ, ಪತ್ರಕರ್ತ, ಅತಿಥಿ, ಕೊನೆಗೆ ಇತರೆ, ಇತರೆಗೆ ಹಳದಿ ಪಾಸು, ಊಟದ ಚಪ್ಪರದವರೆಗೆ ಮಾತ್ರ, ಅವ್ವ ಇತರೆ! ಎಳೆ ಕೂಡಿಸುವವರು ಅಂತ ಏಳನೆಯದೊಂದು ಸೇರಿಸಿ ನೇಕಾರರದೇ ಕೆಂಪು ಪಟ್ಟಿಯ ಪಾಸು ಅಂದಳು, ಅಲ್ಲಮ್ಮ, ಕಾರ್ಡಿಲ್ಲ, ಹೆಂಗೆ ನಂಬೋದು? ಮಗ್ಗದೋರು ಸಾಕ್ಷಿ ಹೇಳ್ತಾರೆ ಸರ್, ಹೇಳಿದರು, ಹೇಳಿದರು, ಮಗ್ಗವಿರುವ ಪೆದ್ದಣ್ಣ ಮಾವ ಒಬ್ಬರೇ ಪ್ರಯೋಗದ ಮೊದಲ ದಿನ ಅರವತ್ತೊಂದು ಜನಕ್ಕೆ ಸಾಕ್ಷಿ ಹೇಳಿದರು, ಮನವಾಳ್ಳೇ, ಮನವಾಳ್ಳೇ, ಎಲ್ಲಾ ನಮ್ಮೋರೇ ಕಣಮ್ಮ, ರಾಂಪುರದ ಬಸ್ಸಿನ ಕಂಡಕ್ಟರೂ ನಮ್ಮೋನೇ, ಸೋಡಾ ಮಾರುವವನೂ ನಮ್ಮೋನೇ, ಕೇಳಿಕೊಂಡು ಬಂದೋರಿಗೆ ಇಲ್ಲ ಅನ್ನೋಕಾಗ್ತದಾ? ಕೋಡು ಬರೆಯುವ ಮಲ್ಲಿಕ್ ಕುರ್ಚಿಯಿಂದ ಬೀಳುವಷ್ಟು ನಕ್ಕ, ಮುರುಗೇಂದ್ರಪ್ಪನವರು ನಗಲಿಲ್ಲ, ಒಂದು ವಾರ ಟೈಮು, ಆಗ್ದಿದ್ರೆ ಹಳೇದನ್ನೇ ಇಡು ಅಂದರು, ಆ ವಾರವೆಲ್ಲ ಊಟ ರುಚಿಸಲಿಲ್ಲ.

ಆಮೇಲೆ ಆ ಭಾನುವಾರ, ಅವ್ವ ಹೊನ್ನಕ್ಕನ ಮಗ್ಗದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಬೂದಿ ಬೆರಳು ಆಡುತ್ತಿದೆ, ರಶ್ಮಿತಾ ಪಕ್ಕದಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತು ನೋಡುತ್ತಿದ್ದಾಳೆ, ಒಂದು ತುದಿ ಹಳೆಯದು, ಒಂದು ತುದಿ ಹೊಸದು, ಎರಡೂ ಬೇರೆ ಬೇರೆ ಕಡೆಯಿಂದ ಬಂದು ಇಲ್ಲಿ ಕೂಡುತ್ತವೆ — ಬೇರೆ ಬೇರೆ ಕಡೆಯಿಂದ! ಒಬ್ಬರನ್ನೇ ಯಾಕೆ ಕೇಳಬೇಕು? ಇವರು ಗೊತ್ತಾ ಅಂತ ಯಾಕೆ ಕೇಳಬೇಕು? ನಿಮ್ಮ ಮಗ್ಗಕ್ಕೆ ಇವರು ಕೂಡಿಸಿದ ಕೊನೆಯ ಹಾಸು ಯಾವ ಬಣ್ಣ ಅಂತ ಮಗ್ಗದವರನ್ನು ಮೊದಲೇ ಕೇಳಿಡು, ಅದೇ ಪ್ರಶ್ನೆ ಇವರಿಗೆ ಗೇಟಿನಲ್ಲಿ, ಎರಡು ಉತ್ತರ ಕೂಡಿದರೆ ಹಸಿರು, ಕಂಡಕ್ಟರಿಗೆ ಪೆದ್ದಣ್ಣ ಮಾವ ಯಾವ ಬಣ್ಣ ಹೇಳಿಯಾರು ಪಾಪ! ಅವ್ವ ಅಂತ ಕೂಗಿಬಿಟ್ಟಳು, ಅವ್ವ ತಲೆಯೆತ್ತಲಿಲ್ಲ, ಸುಮ್ನಿರೇ, ಎಳೆ ತಪ್ತದೆ. ಮೊಬೈಲಿನಲ್ಲಿ ಬಣ್ಣ ತೋರಿಸಿದರೆ, ಇದೇನೇ, ಬದನೆ ಅಂತೀಯಾ, ನೇರಳೆ ಕಾಣ್ತದೆ ಅಂದಳು, ಸರಿ, ಹಲಗೆಗೆ ನಿಜವಾದ ರೇಷ್ಮೆಯ ಹನ್ನೆರಡು ಕುಚ್ಚು ಕಟ್ಟಿ ನಂಬರು ಹಾಕಿದ್ದು ಹಾಗೆ, ಪೆದ್ದಣ್ಣ ಮಾವನ ಅರವತ್ತೊಂದು ನಾಲ್ಕಕ್ಕೆ ಇಳಿಯಿತು, ಮುರುಗೇಂದ್ರಪ್ಪನವರು ಎರಡು ಸಲ ನೋಡಿ, ಕನ್ನಡಕ ಒರೆಸಿ, ಪರವಾಗಿಲ್ಲ ಅಂದರು, ಅವರ ಬಾಯಲ್ಲಿ ಪರವಾಗಿಲ್ಲ ಅಂದರೆ ಬಂಗಾರದ ಪದಕ.

ಟಿಣ್ — ನೂರಾ ಎಪ್ಪತ್ತು — ಬಂದಳು, ಬಂದಳು, ಹೊನ್ನಕ್ಕನ ಕೈ ಹಿಡಿದುಕೊಂಡು, ಮದುವೆಗಳಿಗೆ ಉಡುವ ಸೀರೆ ಉಟ್ಟು, ಗೇಟು ಕಂಡ ಕೂಡಲೆ ಹೆಜ್ಜೆ ಸಣ್ಣದಾಯಿತು, ಹೋದ ವರ್ಷದ ನೆನಪು ಕಾಲಿಗೂ ಇರುತ್ತದೆ, ಬಾರವ್ವ, ಹೆದರಬೇಡ, ಪಕ್ಕದಲ್ಲಿ ಮುರುಗೇಂದ್ರಪ್ಪನವರು ಬಗ್ಗಿ ಮೆಲ್ಲಗೆ, ನಿಮ್ಮವ್ವಂದು ನೀನೇ ಒತ್ತಿಬಿಡಬೋದಿತ್ತಲ್ಲಮ್ಮ, ಒತ್ತಬಹುದಿತ್ತು ಸರ್, ಒಂದೇ ಒಂದು ಗುಂಡಿ, ಒಂದು ವಾರದಿಂದ ಬೆರಳು ತುರಿಸುತ್ತಿತ್ತು, ಅವ್ವನ ಸಾಕ್ಷಿಯಾಗಿ ಪೆದ್ದಣ್ಣ ಮಾವ ಏನು ಉತ್ತರ ಕೊಟ್ಟಿದ್ದಾರೆಂದೂ ತೆಗೆದು ನೋಡಿಲ್ಲ, ಮಗಳು ಕೊಟ್ಟ ಪಾಸು ಅಂದರೆ ಅದೂ ಒಂದು ಇತರೆಯೇ, ಅವ್ವನ ಕೆಲಸವೇ ಅವಳಿಗೆ ಪಾಸು ಕೊಡಬೇಕು. ಪೆದ್ದಣ್ಣನೋರ ಮಗ್ಗಕ್ಕೆ ಕೊನೇ ಸಲ ಕೂಡಿಸಿದ್ದು ಯಾವ ಬಣ್ಣ ಅಮ್ಮಾ — ಎಲ್ಲರನ್ನೂ ಕೇಳಿದ ದನಿಯಲ್ಲೇ ಕೇಳಿದಳು. ಅವ್ವನ ಕೈ ಹಲಗೆಯ ಮೇಲೆ ಹೋಗುತ್ತಿದೆ, ಗಿಳಿಹಸಿರಿನ ಹತ್ತಿರ ನಿಂತಿತು, ಅಯ್ಯೋ, ಅದು ನಿನ್ನೆ ಹೊನ್ನಕ್ಕನ ಮನೆಯಲ್ಲಿ ಕೂಡಿಸಿದ್ದು, ಬೇಡವ್ವ, ಅದಲ್ಲ, ಬಾಯಿಬಿಟ್ಟು ಹೇಳುವ ಹಾಗಿಲ್ಲ, ಬೆರಳು ಗಿಳಿಹಸಿರನ್ನು ಒಂದು ಸಲ ಸವರಿ, ದಾಟಿ, ಅರಿಶಿನ ದಾಟಿ, ಬದನೆ ಬಣ್ಣದ ಕುಚ್ಚು ಹಿಡಿದುಕೊಂಡಿತು, ಇದು, ಯುಗಾದಿ ಹಿಂದಿನ ವಾರ, ಬಲಗಡೆ ಅಂಚಿಗೆ ನಲವತ್ತು ಎಳೆ ಕಡ್ಮಿ ಬಂದಿದ್ವು, ಪೆದ್ದಣ್ಣಂಗೆ ಬೈದಿದ್ದೆ, ಅದನ್ನೂ ಬರ್ಕೊಳ್ರಿ. ಸಾಲಿನವರೆಲ್ಲ ಗೊಳ್ಳೆಂದು ನಕ್ಕರು, ಸಾಲಿನ ಹಿಂದಿನಿಂದ ಪೆದ್ದಣ್ಣ ಮಾವ, ಅವುನು, ಹೌದು, ಬೈದಿದ್ಲು ಅಂತ ಕೂಗಿದರು, ರಶ್ಮಿತಾ ನಂಬರು ಒತ್ತಿದಳು, ಚಕ್ರ ತಿರುಗುತ್ತಿದೆ, ತಿರುಗುತ್ತಿದೆ —

ಟಿಣ್. ಹಸಿರು! ಹಸಿರು, ಹಸಿರು, ಹಸಿರು ಕಣವ್ವ, ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬಂತು, ಸೂರಮ್ಮ, ಕೆಳಗೆ ದಪ್ಪಕ್ಷರದಲ್ಲಿ ಎಳೆ ಕೂಡಿಸುವವರು, ಮೂವತ್ತೈದು ವರ್ಷದ ಕೆಲಸಕ್ಕೆ ಮೊದಲ ಸಲ ಒಂದು ಹೆಸರು, ಕೆಂಪು ಪಟ್ಟಿ ಕೊರಳಿಗೆ ಹಾಕುವಾಗ ಅವ್ವನ ಕೂದಲಿನ ಕೊಬ್ಬರಿ ಎಣ್ಣೆ ವಾಸನೆ, ಮುರುಗೇಂದ್ರಪ್ಪನವರು ಎದ್ದು ನಿಂತು, ಒಳಗೆ ನಡೀರಿ ಅಮ್ಮ, ಮುಂದಿನ ಸಾಲು ಅಂತಿದ್ದಾರೆ, ಅಳಬಾರದು, ಟೀ ಶರ್ಟಿನ ತೋಳಿಗೆ ಕಣ್ಣೊರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲ, ನೋಡಿದರೂ ನೋಡಲಿ, ಗೆದ್ದೆ ಕಣವ್ವ, ಗೆದ್ದೆವು, ಇನ್ನು ಹೋಗು, ಒಳಗೆ ಹೋಗು — ಅವ್ವ ಹೋಗುತ್ತಿಲ್ಲ, ಬಾಗಿಲ ನಡುವೆ ನಿಂತು ಪಾಸಿನ ಪಟ್ಟಿಯ ಅಂಚಿನಲ್ಲಿ ಬಿಚ್ಚಿದ್ದ ಒಂದು ದಾರ ಹಿಡಿದಿದ್ದಾಳೆ, ಹೆಬ್ಬೆರಳು, ತೋರುಬೆರಳು, ನಡುವೆ ಒಂದು ಎಳೆ, ಹೊಸೆಯುತ್ತಿದ್ದಾಳೆ, ಬೂದಿಯಿಲ್ಲ, ಆದರೂ ಹೊಸೆಯುತ್ತಿದ್ದಾಳೆ, ಎರಡು ಬೆರಳು, ಒಂದು ಎಳೆ, ಎರಡು ಬೆರಳು —