ಅಧ್ಯಕ್ಷರ ಮೌನ

"ಈ ಮೈ... ಮೈಕಿಗೆ ನನ್ನ ಕಂಡ್ರೆ ಯಾಕಪ್ಪಾ ಇಷ್ಟು ಹಗೆ?"

ಪುರಸಭೆಯ ಅಧ್ಯಕ್ಷರು ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ರೇಡಿಯೋ ಕೋಣೆಯಲ್ಲಿ ಆಗ ಅವರೊಬ್ಬರೇ ಇದ್ದರು. ಗೋಡೆಗೆ ಅಂಟಿಸಿದ್ದ ಮೊಟ್ಟೆ ಇಡುವ ಕಾಗದದ ತಟ್ಟೆಗಳು ಆ ಮಾತನ್ನು ನುಂಗಿಕೊಂಡವು. ಗಾಜಿನ ಆಚೆ ಹೆಡ್‌ಫೋನ್ ಹಾಕಿ ಕುಳಿತಿದ್ದ ಹೆಂಗಸಿಗೆ ಮಾತ್ರ ಅದು ಕೇಳಿಸಿತು. ಅವಳು ನಗಲಿಲ್ಲ.

ಊರಿನವರು ಅವಳನ್ನು ಕತ್ತರಿ ಎಂದು ಕರೆಯುತ್ತಿದ್ದರು. ಧ್ವನಿಮುದ್ರಿಸಿಕೊಂಡ ಮಾತಿನಿಂದ ಕೆಮ್ಮು, ಸೀನು, ತಡವರಿಕೆಗಳನ್ನು ತೆಗೆದು ಹಸನು ಮಾಡುವುದು ಅವಳ ಕೆಲಸ. ಅಧ್ಯಕ್ಷರಿಗೆ ಚಿಕ್ಕಂದಿನಿಂದ ತೊದಲು. ಆದರೆ ರೇಡಿಯೋದಲ್ಲಿ ಅವರ ಮಾತು ನೀರು ಹರಿದಂತೆ ಹರಿಯುತ್ತಿತ್ತು. ಪುರಸಭೆಯ ಚುನಾವಣೆಯಲ್ಲಿ ಅವರು ಗೆದ್ದದ್ದೇ ಆ ದನಿಯಿಂದ ಎಂದು ಹೇಳುವವರಿದ್ದರು. ಎದುರು ಸಿಕ್ಕಾಗ ತೊದಲಿದರೆ, ಕೆಲಸದ ಒತ್ತಡ, ಪಾಪ ಅನ್ನುತ್ತಿದ್ದರು.

ಆ ವಾರದ ಮಾತುಕತೆ ಊರಂಚಿನ ಜೌಗುನೆಲದ ಬಗ್ಗೆ. ಅದನ್ನು ಮಣ್ಣು ತುಂಬಿ ಮುಚ್ಚಿ ಬಸ್ ನಿಲ್ದಾಣ ಕಟ್ಟುವುದೋ, ಹಾಗೇ ಬಿಡುವುದೋ ಎಂದು ಭಾನುವಾರ ಊರೇ ಮತ ಹಾಕಿ ತೀರ್ಮಾನಿಸಬೇಕಿತ್ತು. ಅಧ್ಯಕ್ಷರು ನಿಲ್ದಾಣದ ಪರ. ಪ್ರಶ್ನೆ ಕೇಳಿದವಳು ಕತ್ತರಿಯ ಅಕ್ಕ. ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತಳಾದವಳು. ಜೌಗು ಉಳಿಯಬೇಕೆಂದು ಮನೆಮನೆ ತಿರುಗಿ ಚಪ್ಪಲಿ ಸವೆಸಿದ್ದಳು. ತಂಗಿಯ ಮತವೂ ಜೌಗಿಗೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಾತುಕತೆ ಮುಗಿದು ಅಧ್ಯಕ್ಷರು ಚಹಾ ಕುಡಿಯಲು ಕೆಳಗಿಳಿದರು. ಅಕ್ಕ ಗಾಜಿನ ಈಚೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಇವತ್ತೊಂದಿನ ಸುಮ್ನಿದ್ಬಿಡೇ."

"ಅಂದ್ರೆ?"

"ಏನೂ ಕತ್ತರಿಸ್ಬೇಡ. ಅವರು ಹೇಗೆ ಮಾತಾಡಿದ್ರೋ ಹಾಗೇ ಹೋಗ್ಲಿ. ಸುಳ್ಳು ಸೇರಿಸು ಅಂತ ಕೇಳ್ತಿದೀನಾ? ಇರೋ ನಿಜ ಇರ್ಲಿ ಅಂತಿದೀನಿ."

"ಕೇಳೋರು ನಗ್ತಾರೆ."

"ನಗ್ಲಿ ಬಿಡು. ನೀನು ಸುಣ್ಣ ಹೊಡ್ದೂ ಹೊಡ್ದೂ ಜನ ಗೋಡೆ ಗಟ್ಟಿ ಇದೆ ಅಂದ್ಕೊಂಡಿದಾರೆ."

"ಹಾಗಾದ್ರೆ ನಿನ್ನ 'ಅಂದರೆ, ಅಂದರೆ'ಗಳನ್ನೂ ಬಿಡ್ಲಾ? ಇವತ್ತಿನವೇ ಒಂದು ಬುಟ್ಟಿ ಆಗಿವೆ."

ಅಕ್ಕನ ಮುಖ ಕೆಂಪಾಯಿತು. "ತಮಾಷೆ ಬೇಡ. ಆ ನೀರು, ಆ ಹಕ್ಕಿ, ಎಲ್ಲ ಮಣ್ಣಾಗುತ್ತೆ. ಆಮೇಲೆ ನಿನ್ನ ನ್ಯಾಯ ಇಟ್ಕೊಂಡು ಉಪ್ಪಿನಕಾಯಿ ಹಾಕು."

ಕತ್ತರಿ ಯಂತ್ರದತ್ತ ತಿರುಗಿದಳು. ಹೆಡ್‌ಫೋನ್ ಏರಿಸಿಕೊಂಡು ಮೊದಲ ತೊದಲನ್ನು ತೆಗೆದಳು. ಅಕ್ಕ ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತಳು.

ಅಕ್ಕತಂಗಿಯರ ತಂದೆ ದಿನಾ ಬೆಳಗ್ಗೆ ದೇವರ ಮುಂದೆ ಕುಳಿತು ಪದ್ಯ ಹೇಳುತ್ತಿದ್ದರು, ರಾಗವಾಗಿ, ಪುಸ್ತಕ ಮುಟ್ಟದೆ. ಹಾಸಿಗೆಯಲ್ಲೇ ಇದ್ದು ಕೇಳುತ್ತಿದ್ದ ಮಕ್ಕಳಲ್ಲಿ ಅಕ್ಕನಿಗೆ ಕಥೆ ಉಳಿಯಿತು. ತಂಗಿಗೆ ಉಳಿದದ್ದು ನಿಲುಗಡೆಗಳು. ಉಸಿರಿಗಾಗಿ ನಿಲ್ಲುವುದು ಬೇರೆ, ಅರ್ಥ ಇಳಿಯಲೆಂದು ನಿಲ್ಲುವುದು ಬೇರೆ. ಮುಂದಿನ ಸಾಲೇ ನೆನಪಾಗದೆ ನಿಂತರೆ ಅದು ಇನ್ನೊಂದು ಬಗೆ. ತಂದೆ ಹಾಗೆ ನಿಂತ ದಿನ ಅವಳು ಹೊದಿಕೆಯೊಳಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.

ಕೆಲಸ ಸಾಗಿತು. ಅಧ್ಯಕ್ಷರ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡವು. ಅಕ್ಕನ 'ಅಂದರೆ'ಗಳು ಉದುರಿದವು. ಕೊನೆಗೆ ಅಕ್ಕನ ಈ ಪ್ರಶ್ನೆ ಬಂತು: "ಮಳೆಗಾಲದಲ್ಲಿ ಊರಿನ ನೀರೆಲ್ಲ ಈಗ ಜೌಗಿಗೆ ಇಳಿಯುತ್ತೆ. ಅದನ್ನು ಮುಚ್ಚಿದ ಮೇಲೆ ಎಲ್ಲಿಗೆ ಇಳಿಯುತ್ತೆ?"

ಅಲ್ಲಿಂದ ಮುಂದೆ ಏನೂ ಇಲ್ಲ. ಕುರ್ಚಿ ಒಮ್ಮೆ ಕಿರುಗುಟ್ಟಿತು. ಫ್ಯಾನಿನ ಸದ್ದು. ಬಹಳ ಹೊತ್ತಿನ ಮೇಲೆ ಅಧ್ಯಕ್ಷರ ದನಿ, "ಅದಕ್ಕೆಲ್ಲ ಎಂ... ಎಂಜಿನಿಯರ್ ಇದ್ದಾರೆ."

ಕತ್ತರಿ ಅದನ್ನು ಮತ್ತೆ ಮತ್ತೆ ಕೇಳಿದಳು. 'ಎಂಜಿನಿಯರ್' ಎಂಬಲ್ಲಿನ ತೊದಲನ್ನು ತೆಗೆದಳು. ಅದಕ್ಕೆ ಮೊದಲಿನ ಮೌನವನ್ನು ಮುಟ್ಟಲಿಲ್ಲ.

ಪ್ರಸಾರಕ್ಕೆ ಮೊದಲು ಮಾತಾಡಿದವರಿಗೆ ಒಮ್ಮೆ ಕೇಳಿಸುವುದು ಆ ಕೇಂದ್ರದ ಪದ್ಧತಿ. ಅಧ್ಯಕ್ಷರು ಮೇಲೆ ಬಂದು, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿದರು. ತಮ್ಮ ದನಿಗೆ ತಾವೇ ತಲೆದೂಗಿದರು.

"ಮನೇಲಿ ನಾನು ಹೀಗೆ ಮಾ... ಮಾತಾಡಿದ್ರೆ, ಯಾರೋ ಪರಪುರುಷ ಬಂದ ಅಂತ ಹೆಂಡ್ತಿ ಬಾ... ಬಾಗಿಲು ಹಾಕ್ಕೋತಾಳೆ ತಾಯಿ."

ಕಿಟಕಿಯ ಬಳಿಯಿದ್ದ ಅಕ್ಕನಿಗೂ ನಗು ಬಂತು. ತಡೆದುಕೊಂಡಳು.

ಅಕ್ಕನ ಕೊನೆಯ ಪ್ರಶ್ನೆ ಮುಗಿದ ಮೇಲೆ ಅಧ್ಯಕ್ಷರ ಕಣ್ಣು ತೆರೆಯಿತು. ಯಂತ್ರ ನಿಂತಿತೇನೋ ಎಂದು ನೋಡಿದರು. ನಿಂತಿರಲಿಲ್ಲ.

"ಇದೊಂದು ತೆ... ತೆಗೆಯೋದು ಮರ್ತಿದೀಯ."

"ಮರ್ತಿಲ್ಲ ಸಾರ್. ಬಿಟ್ಟಿದೀನಿ."

"ಅದೂ ತೊದಲೇ ಅಲ್ವಾ?"

"ಅಲ್ಲ."

"ತೊ... ತೊದಲೋನು ನಾನು. ನಿನಗೆ ಹೇಗೆ ಗೊತ್ತು?"

"ತೊದಲು ಬಂದಾಗ ಮೊದಲ ಅಕ್ಷರ ನಿಮ್ಮ ಗಂಟಲಲ್ಲಿ ಬಂದು ಬಾಗಿಲು ಬಡೀತಿರುತ್ತೆ. ನನಗೆ ಕೇಳ್ಸುತ್ತೆ. ಇಲ್ಲಿ ಯಾರೂ ಬಂದೇ ಇಲ್ಲ."

ಅಕ್ಕ ತಿರುಗಿ ನೋಡಿದಳು. ಅಧ್ಯಕ್ಷರು ಅವಳತ್ತ ಬೆರಳು ತೋರಿಸಿದರು.

"ಇವರು ಹೇಳ್ಕೊಟ್ರಾ?"

"ನಾನು ಹೇಳಿದ್ದು ಬೇರೆ. ಅದನ್ನ ಅವಳು ಕಿವಿಗೂ ಹಾಕ್ಕೊಳ್ಳಲಿಲ್ಲ," ಎಂದಳು ಅಕ್ಕ.

ಅಧ್ಯಕ್ಷರು ಹೆಡ್‌ಫೋನ್ ಬಿಚ್ಚಿ ಮೇಜಿನ ಮೇಲಿಟ್ಟರು.

"ನೋಡು ತಾಯಿ. ಶಾಲೇಲಿ ನಾನು ಬಾಯಿ ತೆ... ತೆರೆದ್ರೆ ಸಾಕು, ಹಿಂದಿನ ಬೆಂಚಿಂದ ಮುಂದಿನ ಬೆಂಚಿನ ತನಕ ನಗ್ತಿದ್ರು. ನಿನ್ನ ಕೈಯಿಂದ ಮನುಷ್ಯ ಆದೆ. ಜನಕ್ಕೆ ಇದು ತೊದಲೋ, ಉ..."

ಆ ಪದ ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು. ಅಕ್ಕ ಅದನ್ನು ಮುಗಿಸಿಕೊಡಲು ಬಾಯಿ ತೆರೆದಳು. ತಂಗಿ ಕೈಯೆತ್ತಿ ಅವಳನ್ನು ತಡೆದು, ಅಧ್ಯಕ್ಷರ ಮುಖವನ್ನೇ ನೋಡುತ್ತ ಕಾದಳು.

"...ಉತ್ತರ ಇಲ್ದೇ ಇದ್ದದ್ದೋ, ಏನು ಗೊತ್ತಾಗುತ್ತೆ? ಎರಡಕ್ಕೂ ಒಂದೇ ನಗು. ಭಾನುವಾರ ನಿ... ನಿಲ್ದಾಣ ಸೋತ್ರೆ ಸೋಲ್ಲಿ. ನನ್ನ ನೋಡಿ ನಕ್ಕು ಸೋಲಿಸ್ಬಾರ್ದು. ಇಷ್ಟು ವರ್ಷ ತೆ... ತೆಗೆದಿದೀಯ. ಇದೊಂದು ತೆಗೆದ್ಬಿಡು. ಕೈ ಮುಗೀತೀನಿ."

ನಿಜವಾಗಿಯೂ ಅವರು ಕೈ ಮುಗಿದರು. ಕತ್ತರಿ ಎದ್ದು ನಿಂತಳು.

"ಇಲ್ಲ ಸಾರ್. ತೆಗೆಯೋದಿಲ್ಲ."