ಕೂಗು ಇದ್ದ ಜಾಗ

ಮೇಣ ಇನ್ನೂ ಸ್ವಲ್ಪ ಬಿಸಿಯಾಗಿದ್ದರೆ ಈ ದವಡೆಹಲ್ಲು ತಾನಾಗಿಯೇ ಕೂತುಬಿಡುತ್ತಿತ್ತು, ಈಗ ಒತ್ತಿದರೆ ಪಕ್ಕದ್ದು ಅಲುಗುತ್ತದೆ, ಪಕ್ಕದ್ದನ್ನು ಸರಿಮಾಡಿದರೆ ಇದು ಓರೆಯಾಗುತ್ತದೆ, ಚಾಕುವನ್ನು ಮತ್ತೆ ಉರಿಗೆ ಹಿಡಿಯಬೇಕು, ತುದಿ ಮಾತ್ರ, ಜಾಸ್ತಿ ಕಾದರೆ ಗುಲಾಬಿ ಮೇಣ ಕರಗಿ ಒಸಡೇ ಇಳಿದುಹೋಗುತ್ತದೆ — ಯಾರ ಬಾಯಿಯೋ ಏನೋ, ಡಾಕ್ಟರ ಚೀಟಿಯಲ್ಲಿ ಕಟ್ಟುವ ಹಲ್ಲು, ಮೇಲಿನ ಸೆಟ್ಟು ಕೆಳಗಿನ ಸೆಟ್ಟು, ಬಣ್ಣ ಸ್ವಲ್ಪ ಹಳದಿ ಇರಲಿ ಎಂದಷ್ಟೇ ಇದೆ, ತೀರಾ ಬೆಳ್ಳಗಿದ್ದರೆ ಈ ವಯಸ್ಸಿನಲ್ಲಿ ಜನ ಗುರುತು ಹಿಡಿಯುತ್ತಾರೆ ಎಂಬ ಲೆಕ್ಕಾಚಾರ, ಬುದ್ಧಿವಂತ ಮನುಷ್ಯ, ಏಪ್ರನ್ನಿನ ಜೇಬಿನಲ್ಲಿ ಫೋನು ಮತ್ತೆ ಗುರ್ರೆಂದಿತು, ತೊಡೆಯ ಮೇಲೆ ದುಂಬಿ ಸಿಕ್ಕಿಕೊಂಡ ಹಾಗೆ, ಬೆಳಗಿನಿಂದ ಹೀಗೇ, ನಾಳೆ ಸಂಜೆ ಬ್ಯಾಂಡಿನವರ ಕಾರ್ಯಕ್ರಮ ಮುಗಿಯುವವರೆಗೂ ವಾಟ್ಸಾಪಿನ ಅಭಿಮಾನಿ ಗುಂಪಿನವರು ಸುಮ್ಮನಿರುವುದಿಲ್ಲ, ನೋಡಬಾರದು ಅಂದುಕೊಂಡೇ ತೆಗೆದು ನೋಡುತ್ತೇನೆ. ಕುರ್ಚಿ ಹಾಕಿದ್ದಾರಂತೆ ಕಣ್ರಯ್ಯಾ, ಕುರ್ಚಿ, ಎಂದು ಬರೆದಿದ್ದಾನೆ ಸುಡುಗಾಡು. ಗುಂಪಿನಲ್ಲಿ ಅವನ ಹೆಸರು ಅದು, ಹೊರಗೆ ಬ್ಯಾಂಕಿನಲ್ಲಿ ಜನರಿಗೆ ಮನೆ ಸಾಲ ಕೊಡುತ್ತಾನೆ. ನಿಂತು ಅರಚಿ ಕುಣಿಯುವ ಮೆಟಲ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಕುರ್ಚಿ, ನಾಳೆ ಬಾಗಿಲಲ್ಲಿ ಗುಲಾಬಿ ನೀರು ಚಿಮುಕಿಸ್ತಾರೇನೋ. ಅದಕ್ಕೆ ಬೂದಿ ಕೇಳಿದ್ದಾನೆ, ಕುರ್ಚಿಗೆ ಮೆತ್ತೆ ಇದೆಯೋ ಬರೀ ಪ್ಲಾಸ್ಟಿಕ್ಕೋ? ಬೂದಿಗೆ ಬೆನ್ನುನೋವು. ಥೂ ನಿನ್ನ, ನಿನ್ನಂಥವರಿಂದಲೇ ಅವರು ಹಿಂಗಾಗಿದ್ದು, ಎಂದು ಗೂಬೆ ಬೈದಿದ್ದಾನೆ, ಬ್ಯಾಂಡಿನವರ ಮೆತ್ತಗಾದ ಹೊಸ ಆಲ್ಬಮ್ ಕೇಳಿದ ದಿನ ಗೂಬೆ ತನ್ನ ಕಪ್ಪು ಅಂಗಿಗಳನ್ನೆಲ್ಲ ಕತ್ತರಿಸಿ ಬೈಕು ಒರೆಸುವ ಬಟ್ಟೆ ಮಾಡಿಕೊಂಡು ಅದರ ಫೋಟೋ ಹಾಕಿದ್ದ, ಇನ್ನೊಬ್ಬ ಅತ್ತಿದ್ದೇನೆ ಎಂದು ಬರೆದ, ಮತ್ತೊಬ್ಬ ಪಿಯಾನೋ ಬಾರಿಸಲು ಇವರೇ ಬೇಕಿತ್ತೇ, ನಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲೇ ಹಾಕ್ತಾರಲ್ಲ ಎಂದ, ಅದಕ್ಕೆ ಮಾತ್ರ ನನಗೆ ನಗು ಬಂತು, ಈಗ ಕೆಳಗಡೆ ಅವರೆಲ್ಲರ ಪ್ರಶ್ನೆ ಒಂದೇ, ಕೊಡಲಿ ಅಣ್ಣ ಎಲ್ಲಿ? ಅಣ್ಣಾ, ನಾಳೆ ಕೊನೇ ಹಾಡಲ್ಲಿ ಹಾಡೋನು ಮೊದಲಿನ ಹಾಗೆ ಕೂಗದೆ ಬಾಯಿ ಮುಚ್ಕೊಂಡು ನಿಲ್ತಾನಲ್ಲ, ಅಲ್ಲಿ ನೀವು ಶುರು ಮಾಡಬೇಕು, ಹಿಂದೆ ನಾವೆಲ್ಲ ಇದ್ದೀವಿ, ನೀವು ಕೂಗೋವರೆಗೆ ಯಾರೂ ಬಾಯಿ ಬಿಡಲ್ಲ. ಕೊಡಲಿ ಅಣ್ಣ ನಾನೇ. ಹೋದ ವಾರ ಆಗಲಿ ಎಂದು ಬರೆದುಬಿಟ್ಟವಳೂ ನಾನೇ.

ಅಣ್ಣ ಅಲ್ಲ ಅಕ್ಕ ಎಂದು ಹೇಳುವ ಸಂದರ್ಭ ಯಾವತ್ತೋ ದಾಟಿಹೋಯಿತು, ಗುಂಪಿಗೆ ಸೇರುವಾಗ ಹೆಸರು ಕೇಳಿತು, ಎದುರಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಮರ ಕಡಿಯುವವನ ಚಿತ್ರವಿತ್ತು, ಕೊಡಲಿ ಎಂದು ಒತ್ತಿದೆ, ಆಮೇಲೆ ಯಾರೋ ಅಣ್ಣಾ ಎಂದರು, ಅದರಲ್ಲಿ ಒಂಥರಾ ಆರಾಮವಿತ್ತು, ಅಣ್ಣಂದಿರನ್ನು ಯಾರೂ ಮಕ್ಕಳೆಷ್ಟು ಎಂದು ಮೊದಲಿಗೇ ಕೇಳುವುದಿಲ್ಲ. ಆದರೆ ಹಾಡು ಗುಂಪಿಗಿಂತ ಹಳೆಯದು, ಹಾಡು ಈ ಮೇಜಿನಿಂದಲೇ ಬಂದದ್ದು — ಆಗ ಅಲ್ಲಿ, ಈಗ ಖಾಲಿ ಡಬ್ಬಗಳನ್ನು ಒಟ್ಟಿರುವ ಮೂಲೆಯಲ್ಲಿ, ಹಲ್ಲಿಗೆ ಹಾಕುವ ತಂತಿ ಉಜ್ಜುವವನೊಬ್ಬ ಕೂರುತ್ತಿದ್ದ, ಗ್ರೈಂಡರಿನ ಆ ಕಿರ್ರೆನ್ನುವ ಸದ್ದಿನಲ್ಲಿ ಬೇರೆ ಯಾವ ಹಾಡೂ ಕೇಳ್ಸಲ್ಲಕ್ಕಾ, ಇದೊಂದೇ ಗೆಲ್ಲೋದು, ಎನ್ನುತ್ತಿದ್ದ, ನಾನು ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ಮತ್ತೆ ಕೆಲಸಕ್ಕೆ ಬಂದ ಮೊದಲ ವಾರ ಅದು, ಎದೆಯ ಹಾಲು ಇನ್ನೂ ಬತ್ತಿರಲಿಲ್ಲ, ಏಪ್ರನ್ ಇದ್ದದ್ದು ಒಳ್ಳೆಯದಾಯಿತು, ಎಲ್ಲರೂ ನನ್ನ ಮುಂದೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು, ಇನ್ನೂ ವಯಸ್ಸಿದೆ, ಮತ್ತೆ ಆಗುತ್ತೆ, ಅವನೊಬ್ಬನೇ ಏನೂ ಹೇಳದೆ ಇಯರ್‌ಫೋನಿನ ಒಂದು ಎಳೆ ತಂದು ನನ್ನ ಕಿವಿಗೆ ಸಿಕ್ಕಿಸಿದ, ಇದೇ ಬ್ಯಾಂಡಿನ ಇದೇ ಕೊನೆಯ ಹಾಡು, ಹಳೆಯ ರೂಪದ್ದು, ಓಡುತ್ತಿತ್ತು. ನಡುವೆ ಡ್ರಮ್ಮು ನಿಲ್ಲುತ್ತದೆ, ಗಿಟಾರು ನಿಲ್ಲುತ್ತದೆ, ಆ ಖಾಲಿಯೊಳಗೆ ಹಾಡುವವನು ಕೂಗುತ್ತಾನೆ, ಪದವಿಲ್ಲ, ರಾಗವಿಲ್ಲ, ಗಂಟಲು ಮಾತ್ರ, ಉಸಿರು ಮುಗಿದ ಮೇಲೂ ಮುಗಿಯದ ಹಾಗೆ ಕೂಗುತ್ತಾನೆ, ನನ್ನ ಕೈಯಲ್ಲಿದ್ದ ಅಚ್ಚು ಜಾರಿ ನೆಲಕ್ಕೆ ಬಿದ್ದು ಎರಡಾಯಿತು, ಯಾರೂ ಬೈಯಲಿಲ್ಲ. ಅಂದಿನಿಂದ ಇಲ್ಲಿಯವರೆಗೆ ದಿನಕ್ಕೊಮ್ಮೆಯಾದರೂ, ಬಸ್ಸಿನಲ್ಲಿ, ಒಗೆದ ಬಟ್ಟೆ ಹರಡುವಾಗ, ಮದುವೆ ಮನೆಗಳಿಂದ ಮರಳುವಾಗ, ನಾಮಕರಣಗಳಿಂದ ಮರಳುವಾಗ ಎರಡು ಸಲ — ಅವನು ನನ್ನ ಬದಲಿಗೆ ಕೂಗುತ್ತಿದ್ದ, ನಾನು ಬಟ್ಟೆಗೆ ಕ್ಲಿಪ್ಪು ಹಾಕುತ್ತಿದ್ದೆ. ಒಂದೇ ಒಂದು ಸಲ ಎದುರಿಗೆ ನಿಂತು ಕೇಳಿದ್ದು, ಮನೆಯಲ್ಲಿ ದೊಡ್ಡಮ್ಮನ ಮಗಳ ಮನೆಗೆ ಎಂದು ಹೇಳಿ ಹೋಗಿದ್ದು, ಆ ಜಾಗ ಬಂದಾಗ ದೀಪ ಆರಿಸುತ್ತಾರೆ, ಕತ್ತಲಲ್ಲಿ ನಿಂತವರೆಲ್ಲ ಅವನ ಜೊತೆ ಕೂಗಬೇಕು, ಅದು ಅವರ ಪದ್ಧತಿ, ನಾನೂ ಬಾಯಿ ತೆರೆದೆ, ನನ್ನ ದನಿ ನನಗೇ ಕೇಳಿಸಲಿಲ್ಲ, ಅಷ್ಟು ಜನರ ನಡುವೆ ಯಾರದು ಯಾರ ಕೂಗು, ಮನೆಗೆ ಬಂದಾಗ ಗಂಟಲು ಬಿದ್ದುಹೋಗಿತ್ತು, ಏನಾಯ್ತೇ ಎಂದು ನಮ್ಮವರು ಗಾಬರಿಯಾಗಿ ಬಿಸಿನೀರಿಗೆ ಉಪ್ಪು ಹಾಕಿ ತಂದರು, ಐಸ್‌ಕ್ರೀಮ್ ತಿಂದೆ ಎಂದು ಸನ್ನೆಯಲ್ಲಿ ಹೇಳಿದೆ. ಇದನ್ನೇ, ಗಂಟಲು ಬಿದ್ದದ್ದನ್ನಷ್ಟೇ, ಗುಂಪಿನಲ್ಲಿ ಬರೆದಿದ್ದೆ. ಆಮೇಲೆ ಕೊಡಲಿ ಅಣ್ಣನ ಗಂಟಲೆಂದರೆ ಅವರಿಗೆ ದಂತಕಥೆ.

ಏನ್ರೀ, ಆ ಹಲ್ಲಿಗೆ ಮುತ್ತು ಕೊಡ್ತೀರೋ ಹೆಂಗೆ, ಎಷ್ಟೊತ್ತು ನೋಡ್ತೀರಿ, ಎಂದಳು ಅಚ್ಚು ಹಾಕುವ ಪ್ಲಾಸ್ಟರಿನವಳು, ಬಕೆಟ್ಟು ಕೆಳಗಿಡುತ್ತ, ಮೊಣಕೈವರೆಗೆ ಬಿಳಿಯಾಗಿದ್ದಾಳೆ, ಇಲ್ಲ ಮಾರಾಯ್ತಿ, ಕಚ್ಚು ಕೂತಿಲ್ಲ ಎಂದೆ, ಮೇಲಿನ ದವಡೆಯನ್ನು ಕೆಳಗಿನದರ ಮೇಲೆ ಇಳಿಸಿದೆ, ಟಕ್, ಎತ್ತಿದೆ, ಟಕ್, ಎಷ್ಟು ಬಾಯಿಗಳನ್ನು ಹೀಗೆ ತೆರೆದು ಮುಚ್ಚಿದ್ದೇನೆ, ಒಂದಾದರೂ ಸದ್ದು ಮಾಡಿಲ್ಲ, ಅವಳು ಪ್ಲಾಸ್ಟರ್ ಕಲಸುತ್ತ ಗುನುಗುತ್ತಿದ್ದಾಳೆ, ಏನದು, ಅಯ್ಯೋ ಅದೇ, ಅದೇ ಹಾಡು, ಹೊಸ ರೂಪದ್ದು, ಬಸ್ಸಿನಲ್ಲೂ ಹಾಕುತ್ತಾರಂತೆ, ನಮ್ಮ ಅತ್ತೆಯೂ ಮೊನ್ನೆ ಇನ್ನೊಂದು ಸಲ ಹಾಕೇ ಎಂದರು, ಪಿಯಾನೋ ಇದೆ, ಪಿಟೀಲಿದೆ, ಅವನ ಗಂಟಲಲ್ಲಿ ಜೇನು ಇಳಿದಿದೆ. ನಮ್ಮವರ ಖುಷಿಗಂತೂ ಪಾರವಿಲ್ಲ. ಇಷ್ಟು ವರ್ಷ ಮಿಕ್ಸಿಯೊಳಗೆ ಚಮಚ ಬಿದ್ದ ಹಾಗಿದೆ ಎನ್ನುತ್ತಿದ್ದವರು, ಆದರೂ ಒಂದು ದಿನವೂ ಆರಿಸು ಎನ್ನದವರು, ಬೇರೆ ಕೋಣೆಗೆ ಎದ್ದುಹೋಗುತ್ತಿದ್ದವರು — ಆ ಎದ್ದುಹೋಗುವುದರಲ್ಲೇ ನನ್ನ ಜಾಗವಿತ್ತು ಎಂದು ಅವರಿಗೆ ಹೇಗೆ ಹೇಳಲಿ — ಈಗ ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಬಂದು ಕೂರುತ್ತಾರೆ. ನೋಡಿದ್ಯಾ, ಕಡೆಗೂ ನಿನ್ನ ಹುಡುಗರು ಮನುಷ್ಯರಾದರು. ಹೋದ ಭಾನುವಾರ ಎರಡು ಟಿಕೆಟ್ಟು ತಂದು ಊಟದ ತಟ್ಟೆಯ ಕೆಳಗೆ ಇಟ್ಟಿದ್ದರು, ನನ್ನ ಮುಖ ನೋಡುತ್ತ ನಿಂತಿದ್ದರು, ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ, ಆಗಲೇ ನಾನು ಗುಂಪಿಗೆ ಆಗಲಿ ಎಂದಾಗಿತ್ತು, ಒಬ್ಬಳೇ ಹೋಗುವುದು, ಹಿಂದಿನ ಸಾಲಿನಲ್ಲಿ ಕತ್ತಲಲ್ಲಿ ಎಂಬ ಲೆಕ್ಕದಲ್ಲಿ, ಈಗ ಅವರ ಪಕ್ಕ, ಅವರ ತೋಳು ನನ್ನ ತೋಳಿಗೆ ತಾಕುವ ಕುರ್ಚಿಯಲ್ಲಿ. ತಟ್ಟೆ ತೊಳೆಯುವಾಗ ಹಿಂದಿನಿಂದ ಬಂದು ಹೇಳಿದರು, ಎಲ್ಲಕ್ಕಿಂತ ನನಗೆ ಯಾವುದು ಹಿಡಿಸ್ತು ಗೊತ್ತಾ, ಮಧ್ಯದಲ್ಲಿ ಅವನು ಸುಮ್ಮನಾಗ್ತಾನಲ್ಲ, ಎಲ್ಲಾ ನಿಂತ್ಹೋಗತ್ತಲ್ಲ, ಅದು, ಅದೆಷ್ಟು ಚೆನ್ನಾಗಿದೆ. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದೆ.

ಚೆನ್ನಾಗಿದೆ, ಅವರಿಗೇನು ಗೊತ್ತು, ಅವರು ಆವತ್ತು ಹೆರಿಗೆಯ ಹೊತ್ತಿಗೆ ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿದ್ದರು, ಅವರ ತಪ್ಪಲ್ಲ, ನರ್ಸೇ ಚೀಟಿ ಕೊಟ್ಟು ಕಳಿಸಿದ್ದಳು, ಮೇಲೆ ಬರುವಷ್ಟರಲ್ಲಿ ಬಟ್ಟೆ ಸುತ್ತಿಯಾಗಿತ್ತು, ಬಿಳಿ ಗಂಟನ್ನಷ್ಟೇ ಕಂಡರು, ಆದರೆ ನಾನು ಆ ಸುಮ್ಮನಾಗುವುದನ್ನು ಕೇಳಿದವಳು. ಎಲ್ಲಾ ನಿಂತುಹೋಗುವುದು. ಮುಕ್ಕಮ್ಮಾ, ಇನ್ನೂ ಮುಕ್ಕು, ಬಂತು ಬಂತು ಎಂದು ಗಲಾಟೆ ಮಾಡುತ್ತಿದ್ದವರೆಲ್ಲ ಇದ್ದಕ್ಕಿದ್ದಂತೆ ನಿಂತುಹೋದರು, ಡಾಕ್ಟರು, ಇಬ್ಬರು ನರ್ಸುಗಳು, ಬಾಗಿಲಲ್ಲಿ ಆಯಾ, ಎಲ್ಲರೂ ಅಳು ಬರಲಿ ಎಂದು ಕಾಯುತ್ತಿದ್ದರು, ಬೆನ್ನು ತಟ್ಟಿದ ಸದ್ದು ಬಂತು, ಪಾದಕ್ಕೆ ಹೊಡೆದ ಸದ್ದು ಬಂತು, ಉಕ್ಕಿನ ತಟ್ಟೆಯಲ್ಲಿ ಏನೋ ಇಟ್ಟ ಸದ್ದು, ನಾನೂ ಉಸಿರು ಹಿಡಿದು ಕಾಯುತ್ತಿದ್ದೆ, ಈಗ ಬರುತ್ತದೆ, ಇಗೋ ಈಗ, ಕೋಣೆಯಷ್ಟೂ ಒಂದು ಕಿವಿಯಾಗಿತ್ತು. ಆಮೇಲೆ ಒಬ್ಬಳು, ತೋರಿಸಬೇಕೋ ಬೇಡವೋ ಎಂಬಂತೆ, ತುಸುವೇ ಹತ್ತಿರ ತಂದಳು. ತುಟಿ ಮುಚ್ಚಿತ್ತು. ಪುಟ್ಟದು, ನೇರಳೆ ಬಣ್ಣದ್ದು, ಏನನ್ನೋ ಹೇಳಬಾರದೆಂದು ನಿರ್ಧರಿಸಿದ ಹಾಗೆ ಗಟ್ಟಿಯಾಗಿ ಮುಚ್ಚಿತ್ತು. ನಾನು ಕೂಗಲಿಲ್ಲ. ಭಲೇ ಗಟ್ಟಿಗಿತ್ತಿ ಕಣಮ್ಮಾ ನೀನು ಎಂದಳು ಆಯಾ, ನೆಲ ಒರೆಸುತ್ತ. ಆ ಖಾಲಿಯೊಳಗೇ ಅಲ್ಲವೇ ಅವನ ಕೂಗನ್ನು ತಂದು ಇಟ್ಟುಕೊಂಡಿದ್ದು, ಅಳತೆಗೆ ಸರಿಯಾಗಿ ಕೂತಿತ್ತಲ್ಲ ಅದು ಅಲ್ಲಿ, ಈಗ ಅವನೇ ಬಂದು ಕಿತ್ತುಕೊಂಡು ಹೋದ, ಮತ್ತೆ ಅದೇ ಕೋಣೆ, ಮತ್ತೆ ಅದೇ ಕಾಯುವುದು. ಅವನನ್ನು ಬೈಯಲಿಕ್ಕೂ ಬಾಯಿ ಬರುವುದಿಲ್ಲ. ಸಂದರ್ಶನದಲ್ಲಿ ಹೇಳಿದ್ದಾನೆ, ಮಗಳು ಹುಟ್ಟಿದಳು, ಅಭ್ಯಾಸ ಮಾಡುವಾಗ ನಾನು ಕೂಗಿದರೆ ಬೆಚ್ಚಿಬಿದ್ದು ಅಳುತ್ತಿದ್ದಳು, ಯಾವುದಕ್ಕೆ ಕೂಗುತ್ತಿದ್ದೆನೋ ಅದು ಈಗ ನನ್ನೊಳಗೆ ಇಲ್ಲ. ನಗುತ್ತ ಹೇಳಿದ್ದಾನೆ, ಕೆನ್ನೆ ತುಂಬಿಕೊಂಡಿದೆ, ಒಳ್ಳೆಯದಾಗಲಿ, ಅವನೊಳಗೆ ಇಲ್ಲದಿದ್ದರೆ ಎಲ್ಲಿಂದ ತರುತ್ತಾನೆ. ಬೇರೆ ಊರಿನ ಕಾರ್ಯಕ್ರಮಗಳ ವಿಡಿಯೋದಲ್ಲಿ ಕೊನೇ ಹಾಡಿಗೆ ಹೆಂಡತಿ ಮಗುವನ್ನು ತಂದು ಅವನ ಹೆಗಲಿಗೆ ಹಾಕುತ್ತಾಳೆ, ಕಿವಿಗೆ ಸದ್ದು ತಡೆಯುವ ದೊಡ್ಡ ಮುಚ್ಚಳದಂಥದ್ದು ಕಟ್ಟಿರುತ್ತಾರೆ, ಆ ಜಾಗ ಬಂದಾಗ ಅವನು ಅದನ್ನು ಮೆಲ್ಲಗೆ ತೆಗೆಯುತ್ತಾನೆ, ಬಾಯಿ ಮುಚ್ಚಿ ನಿಲ್ಲುತ್ತಾನೆ, ಮಗು ನಿದ್ದೆ ಮಾಡುತ್ತಿರುತ್ತದೆ, ಕಪ್ಪು ಅಂಗಿಯ ಮೇಲೆ ಜೊಲ್ಲಿನ ಒದ್ದೆ. ಅದೊಂದು ಕಲೆಯನ್ನು ನಾನು ಎಷ್ಟು ಸಲ ನಿಲ್ಲಿಸಿ ನೋಡಿದ್ದೇನೋ.

ಮತ್ತೆ ಗುರ್ರೆಂದಿತು. ಒಂದು ಯೋಚನೆ ಕಣ್ರೋ, ಎಂದಿದ್ದಾನೆ ಬೂದಿ, ಮಗು ಮಲಗಿರುತ್ತಲ್ಲ, ಕೂಗಿದರೆ ಎದ್ದು ಅಳಲ್ವಾ? ಅಳಲಿ ಬಿಡು, ಅಳೋಕೇ ತಾನೆ ಮಗು ಇರೋದು, ಎಂದು ಗೂಬೆ, ಅದರ ಕೆಳಗೆ ಸುಡುಗಾಡು ನಗುವ ಮುಖಗಳ ಸಾಲು ಹಾಕಿದ್ದಾನೆ. ಅಳಲಿ ಬಿಡು. ಓದಿದೆ, ಚಾಕು ಕೈಯಲ್ಲೇ ಇತ್ತು, ಮತ್ತೆ ಓದಿದೆ — ಆ ಜಾಗದಲ್ಲಿ, ಎಲ್ಲಾ ನಿಂತ ಮೇಲೆ, ಸರಿಯಾಗಿ ಆ ಜಾಗದಲ್ಲಿ, ಒಂದು ಮಗು ಅಳುತ್ತದೆ. ನಾನು ಕೂಗಿದರೆ ಸಾಕು. ಮೊದಲು ಬೆಚ್ಚುತ್ತದೆ, ಕೈ ಅಗಲಿಸುತ್ತದೆ, ಮುಖ ಕೆಂಪಗಾಗುತ್ತದೆ, ತುಟಿ ಬಿಡುತ್ತದೆ, ಅಳುತ್ತದೆ, ಮೈಕಿನಲ್ಲಿ ಸಭಾಂಗಣಕ್ಕೆಲ್ಲ ಕೇಳುವಂತೆ, ನಮ್ಮವರಿಗೂ ಕೇಳುವಂತೆ, ಕಾದವರೆಲ್ಲ ಉಸಿರು ಬಿಡುತ್ತಾರೆ — ಅಂದರೆ ನನಗೆ ಬೇಕಾಗಿದ್ದು ಇದು. ಹಳೆಯ ಹಾಡು ಉಳಿಯಲಿ ಎಂದಲ್ಲ, ಗುಂಪಿನ ಮಾನ ಉಳಿಯಲಿ ಎಂದೂ ಅಲ್ಲ, ಹೋದ ವಾರ ಆಗಲಿ ಎಂದು ಬರೆದಾಗಲೇ ನನ್ನ ಬೆರಳಿಗೆ ಗೊತ್ತಿತ್ತೋ ಏನೋ, ಒಬ್ಬರ ಹೆಗಲ ಮೇಲೆ ಬೆಚ್ಚಗೆ ಮಲಗಿದ್ದನ್ನು ಹೆದರಿಸಿ ಎಬ್ಬಿಸಿ ನನಗೆ ಬರಬೇಕಾಗಿದ್ದ ಅಳುವನ್ನು ಅದರ ಬಾಯಿಂದ ಕಿತ್ತುಕೊಳ್ಳುವುದು. ಎಂಥ ಹೆಂಗಸು ನಾನು. ಮೇಣ ಬೆರಳಿಗೆ ಹನಿಯಿತು, ಸುಟ್ಟಿತು, ಹಾ ಎಂದಿರಬೇಕು, ಪ್ಲಾಸ್ಟರಿನವಳು ತಿರುಗಿ ನೋಡಿದಳು, ತಣ್ಣೀರಿಗೆ ಹಿಡೀರಿ ಬೇಗ ಎಂದಳು, ಅವಳ ಬಕೆಟ್ಟಿನಲ್ಲೇ ಅದ್ದಿದೆ, ಅಷ್ಟರಲ್ಲಿ ಫೋನು ಬೇರೆ ಥರ ಬಡಿದುಕೊಂಡಿತು, ನಮ್ಮವರು. ನಾಳೆ ಅರ್ಧ ದಿನ ರಜೆ ಹೇಳಿಬಿಡು, ಬೇಗ ಹೊರಡೋಣ, ಏನು ಹಾಕ್ಕೊಳ್ಲಿ ನಾನು, ಕಪ್ಪು ಅಂಗಿ ಹಾಕ್ಕೊಂಡು ಬರಬೇಕಂತೆ ಹೌದಾ? ನಿಮ್ಮ ಹತ್ತಿರ ಕಪ್ಪು ಎಲ್ಲಿದೆ, ಬೂದು ಬಣ್ಣದ್ದು ಹಾಕ್ಕೊಳ್ಳಿ, ಸಾಕು. ನೀನು ಖುಷಿಯಾಗಿದ್ದೀಯಾ? ಹ್ಞೂಂ. ಅಲ್ಲಾ, ಸುಮ್ಮನೆ ಕೇಳಿದೆ, ಎಷ್ಟೋ ವರ್ಷದಿಂದ ನೀನೊಬ್ಬಳೇ ಕೇಳ್ತಿದ್ದೆ, ನನಗೆ ಏನೂ ತಿಳೀತಿರಲಿಲ್ಲ, ಅದಕ್ಕೆ. ಇಡ್ತೀನಿ, ಕೈಯಲ್ಲಿ ಕೆಲಸ ಇದೆ ಎಂದೆ.

ಕೊಡಲಿ ಅಣ್ಣಾ, ನಾಳೆ ಮರೀಬೇಡಿ, ನಿಮ್ಮ ಒಂದು ಕೂಗಿಗೆ ಕಾಯ್ತಿರ್ತೀವಿ. ಕಾಯಲಿ. ನಾನು ಕೂಗುವುದಿಲ್ಲ, ಆದರೆ ಇಲ್ಲ ಎಂದು ಬರೆದರೆ ಇನ್ನೊಬ್ಬ ಶುರು ಮಾಡುತ್ತಾನೆ, ಸುಡುಗಾಡಿಗಂತೂ ಗಂಟಲಿದೆ, ಬರೆಯಬಾರದು, ಎತ್ತಿದ ಹೆಬ್ಬೆರಳಿನ ಚಿತ್ರ ಒತ್ತಿದೆ, ಆಯಿತು ಎಂಬ ಹಾಗೆ, ಜೇಬಿಗೆ ಹಾಕಿದೆ. ನಮ್ಮವರಿಗೂ ಹೇಳುವುದಿಲ್ಲ. ಹೋಗುತ್ತೇನೆ, ಕೂರುತ್ತೇನೆ, ಪಿಟೀಲು ನಿಲ್ಲುತ್ತದೆ, ಪಿಯಾನೋ ನಿಲ್ಲುತ್ತದೆ, ದೀಪ ಆರುತ್ತದೆ, ಅಲ್ಲೊಬ್ಬ ಇಲ್ಲೊಬ್ಬ ಕಪ್ಪು ಅಂಗಿಯವರು ಕುರ್ಚಿಯ ತುದಿಗೆ ಸರಿದು ಕಾಯುತ್ತಾರೆ, ಈಗ, ಇಗೋ ಈಗ, ನಮ್ಮವರು ನನ್ನ ಕೈ ಹಿಡಿಯಬಹುದು, ಹಿಡಿಯಲಿ, ಬೆವರಿದೆಯಲ್ಲೇ ಎನ್ನಬಹುದು, ಅಷ್ಟು ಜನ ಉಸಿರು ಹಿಡಿದಿರುತ್ತಾರೆ, ಕೂಗು ಬರುವುದಿಲ್ಲ, ಮಗು ಏಳುವುದಿಲ್ಲ, ಆಮೇಲೆ ಕೊಡಲಿ ಅಣ್ಣ ಎಂಬುವನು ಆ ಗುಂಪಿನಲ್ಲಿ ಇರುವುದಿಲ್ಲ, ಆ ಹಾಡೂ ನನ್ನ ಕಿವಿಯಲ್ಲಿ ಇರುವುದಿಲ್ಲ, ಹಳೆಯದೂ ಬೇಡ, ಹೊಸದೂ ಬೇಡ, ಇನ್ನು ಬಟ್ಟೆ ಹರಡುವಾಗ ಬರೀ ಬಟ್ಟೆ, ಬಸ್ಸಿನಲ್ಲಿ ಬರೀ ಬಸ್ಸು, ಮತ್ತೆ ಆ ಕೋಣೆ, ಅದರಲ್ಲಿ ನಿಂತವರು ನಿಂತಲ್ಲೇ, ಯಾರೂ ಮಾತಾಡುವುದಿಲ್ಲ, ಅವಳು ತುಸುವೇ ಹತ್ತಿರ ತರುತ್ತಾಳೆ, ತುಟಿ, ಪುಟ್ಟದು, ನೇರಳೆ, ಮುಚ್ಚಿದೆ —